ದ್ವಿಚಕ್ರ ವಾಹನ ತಪಾಸಣೆ: ಸಣ್ಣ ಬೈಕ್‌ಗಳು ಫೇಲಾಗುವ ಕಾರಣಗಳು

ದ್ವಿಚಕ್ರ ವಾಹನ ತಪಾಸಣೆ ಎಂದರೆ ಒಂದು ಬೈಕು, ಸ್ಕೂಟರು ಅಥವಾ ಮೊಪೆಡ್ಡು ರಸ್ತೆಗಿಳಿಯಲು ತಕ್ಕ ಸ್ಥಿತಿಯಲ್ಲಿದೆಯೇ, ಅದರ ಹೊಗೆ ಮಿತಿಯೊಳಗಿದೆಯೇ, ದಾಖಲೆಯಲ್ಲಿರುವ ಗಾಡಿಯೇ ಕಣ್ಣೆದುರು ನಿಂತಿದೆಯೇ ಎಂಬುದನ್ನು ಕಾನೂನಿನ ಪ್ರಕಾರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ. ಸುಮಾರು 150 ಸಿಸಿವರೆಗಿನ ಸಣ್ಣ ವಾಹನಗಳು ಈ ತಪಾಸಣೆಯಲ್ಲಿ ಫೇಲಾಗುವ ಕಾರಣಗಳನ್ನು ಇಲ್ಲಿ ಪಶ್ಚಿಮ ಬೆಂಗಳೂರಿನ ವಿಜಯನಗರ ಮತ್ತು ಸುತ್ತಲಿನ ಬಡಾವಣೆಗಳನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ವಾಹನಗಳಿಗೆ ಕೆಎ-02 ಸರಣಿಯ ರಾಜಾಜಿನಗರ ಪ್ರಾದೇಶಿಕ ಸಾರಿಗೆ ಕಚೇರಿ (ಆರ್‌ಟಿಒ), ಕೆಂಗೇರಿ ಕಡೆಯವಕ್ಕೆ ಕೆಎ-41 ಸರಣಿಯ ಜ್ಞಾನಭಾರತಿ ಕಚೇರಿ ಇದೆ.

ಕಾನೂನಿನ ಹಿನ್ನೆಲೆ

ದೇಶದ ಮೋಟಾರು ವಾಹನ ಕಾನೂನು 1914ರಲ್ಲಿ ಮೊದಲು ಬಂದು, 1939ರಲ್ಲಿ ಹೊಸದಾಗಿ ರೂಪುಗೊಂಡು, 1988ರ ಮೋಟಾರು ವಾಹನ ಕಾಯ್ದೆಯಾಗಿ ಈಗಿನ ರೂಪ ಪಡೆಯಿತು. ಆ ಕಾಯ್ದೆಯೂ ಅದರಡಿಯ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ 1989ರ ಜುಲೈ 1ರಂದು ಜಾರಿಗೆ ಬಂದವು. ಕಾಯ್ದೆಯ 41ನೇ ಕಲಮಿನ ಪ್ರಕಾರ ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಸ್ಸು. ಅದು ಮುಗಿದ ಮೇಲೆ ಅಧಿಕಾರಿ ವಾಹನವನ್ನು ಕಣ್ಣಾರೆ ಪರೀಕ್ಷಿಸಿ, ಒಂದು ಸಲಕ್ಕೆ 5 ವರ್ಷದಂತೆ ನೋಂದಣಿಯನ್ನು ಮುಂದುವರಿಸಬಹುದು.

ಅಂದರೆ ಸ್ವಂತ ಬಳಕೆಯ ಬೈಕಿನ ಬ್ರೇಕು, ಟಯರು, ದೀಪಗಳನ್ನು ವರ್ಷಕ್ಕೊಮ್ಮೆ ನೋಡುವ ವ್ಯವಸ್ಥೆ ಭಾರತದಲ್ಲಿಲ್ಲ. ವರ್ಷ ವರ್ಷ ನಡೆಯುವುದು ಹೊಗೆಯ ಪರೀಕ್ಷೆ ಮಾತ್ರ. ಉಳಿದದ್ದೆಲ್ಲ 15 ವರ್ಷ ಯಾರ ಕಣ್ಣಿಗೂ ಬೀಳದೆ ಸವೆಯುತ್ತದೆ. ಸಣ್ಣ ಬೈಕುಗಳು ಫೇಲಾಗುವ ರೀತಿಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿಯೇ ಮುಖ್ಯ. ಹಲವು ಸಂದರ್ಭಗಳಲ್ಲಿ ಅಡ್ಡಬರುವುದು ಎಂಜಿನ್ನಿನ ವಯಸ್ಸಲ್ಲ, ನೂರಾರು ರೂಪಾಯಿಗೆ ಸಿಗುವ ಬಿಡಿಭಾಗ ಅಥವಾ ವರ್ಷಗಟ್ಟಲೆ ಸರಿಪಡಿಸದೆ ಬಿಟ್ಟ ಕಾಗದಪತ್ರ.

ಬೇರೆ ದೇಶಗಳ ಪದ್ಧತಿ ಒಂದೇ ಬಗೆಯದಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಮೋಟಾರ್ ಸೈಕಲ್ ಪ್ರತಿ ವರ್ಷ ಪೂರ್ಣ ತಪಾಸಣೆಗೆ ಹೋಗಬೇಕು. ಜಪಾನಿನಲ್ಲಿ 250 ಸಿಸಿ ಮೀರಿದವಕ್ಕಷ್ಟೇ ಕಡ್ಡಾಯ. ಫ್ರಾನ್ಸಿನಲ್ಲಿ ದ್ವಿಚಕ್ರ ವಾಹನಗಳ ತಪಾಸಣೆ ಶುರುವಾದದ್ದೇ 2024ರ ಏಪ್ರಿಲ್‌ನಲ್ಲಿ.

ತಪಾಸಣೆಯ ಬಗೆಗಳು

ಮೊದಲನೆಯದು ವಾಯುಮಾಲಿನ್ಯ ಪರೀಕ್ಷೆ. ಜನರ ಬಾಯಲ್ಲಿ ಇದು ಎಮಿಷನ್ ಟೆಸ್ಟ್. ನಿಯಮ 115ರ ಪ್ರಕಾರ ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿ ವಾಹನಕ್ಕೂ ಈ ಪ್ರಮಾಣಪತ್ರ ಬೇಕು. ಭಾರತ್ ಸ್ಟೇಜ್ 4 ಎಂಬ ಹೊಗೆ ಮಾನದಂಡದ ಮತ್ತು ನಂತರದ ಬೈಕುಗಳಿಗೆ ಅದರ ಅವಧಿ ಒಂದು ವರ್ಷ, ಅದಕ್ಕೂ ಹಳೆಯವಕ್ಕೆ ಆರು ತಿಂಗಳು. ಪೆಟ್ರೋಲ್ ಬಂಕಿನ ಮಗ್ಗುಲಲ್ಲೋ ರಸ್ತೆಬದಿಯ ವ್ಯಾನಿನಲ್ಲೋ ಇರುವ ಪರವಾನಗಿ ಪಡೆದ ಖಾಸಗಿ ಕೇಂದ್ರಗಳು ಈ ಪರೀಕ್ಷೆ ನಡೆಸುತ್ತವೆ.

ಎರಡನೆಯದು 15 ವರ್ಷದ ನಂತರದ ಆರ್‌ಸಿ, ಅಂದರೆ ನೋಂದಣಿ ಪತ್ರದ, ನವೀಕರಣದ ತಪಾಸಣೆ. ಮಾಲೀಕರು 25ನೇ ನಮೂನೆಯಲ್ಲಿ ಅರ್ಜಿ ಹಾಕಿ, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿಗೆ ಅವಕಾಶವಿದೆ. ಈ ನಿರೀಕ್ಷಕರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ರೂಢಿ ಕರ್ನಾಟಕದಲ್ಲಿ ಹಳೆಯದು.

ಮೂರನೆಯದು ಎಫ್‌ಸಿ, ಅಂದರೆ ಬಾಡಿಗೆ ವಾಹನಗಳ ಯೋಗ್ಯತಾ ಪ್ರಮಾಣಪತ್ರ. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಇದನ್ನು ಪಡೆಯಬೇಕು. ಆಟೊ, ಲಾರಿ, ಬಸ್ಸುಗಳಿಗೆ ಇದು ಮಾಮೂಲಿ. ಕರ್ನಾಟಕ ಸರ್ಕಾರ 2021ರಲ್ಲಿ ಹೊರಡಿಸಿದ್ದ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆಯನ್ನು 2024ರ ಮಾರ್ಚ್‌ನಲ್ಲಿ ಹಿಂಪಡೆದದ್ದರಿಂದ, ಈ ಬಗೆಯ ತಪಾಸಣೆಗೆ ಬರುವ ದ್ವಿಚಕ್ರ ವಾಹನಗಳು ವಿರಳವಾದವು.

ಹೊಗೆಯ ಮಿತಿಗಳು

ಪೆಟ್ರೋಲ್ ದ್ವಿಚಕ್ರ ವಾಹನದಲ್ಲಿ ಅಳೆಯುವುದು ಎರಡನ್ನು: ಕಾರ್ಬನ್ ಮೊನಾಕ್ಸೈಡ್ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ, ಉರಿಯದೆ ಉಳಿದ ಹೈಡ್ರೋಕಾರ್ಬನ್‌ಗಳನ್ನು ಹತ್ತು ಲಕ್ಷ ಭಾಗಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಎಂಜಿನ್ ಕಾದ ಮೇಲೆ, ಗಾಡಿ ನ್ಯೂಟ್ರಲ್‌ನಲ್ಲಿ ಐಡಲಿಂಗ್‌ನಲ್ಲಿರುವಾಗ, ಸೈಲೆನ್ಸರ್ ಬಾಯಿಯೊಳಕ್ಕೆ ಶೋಧಕ ಕೊಳವೆಯನ್ನು ತೂರಿಸಿ ಓದು ಪಡೆಯುತ್ತಾರೆ.

ಮಿತಿ ಎಲ್ಲ ಗಾಡಿಗೂ ಒಂದೇ ಅಲ್ಲ. 2000ದ ಮಾರ್ಚ್ 31ರವರೆಗೆ ತಯಾರಾದ ಬೈಕುಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000. ಆಮೇಲಿನ ಟೂ-ಸ್ಟ್ರೋಕ್‌ಗಳಿಗೆ ಶೇ 3.5 ಮತ್ತು 6,000, ಫೋರ್-ಸ್ಟ್ರೋಕ್‌ಗಳಿಗೆ ಶೇ 3.5 ಮತ್ತು 4,500. ಭಾರತ್ ಸ್ಟೇಜ್ 4ರಿಂದ ಈಚೆಗೆ ಅದು ಶೇ 0.5 ಮತ್ತು 500ಕ್ಕೆ ಇಳಿದಿದೆ. 2005ರ ಬೈಕಿಗೂ 2018ರ ಬೈಕಿಗೂ ಕಾರ್ಬನ್ ಮೊನಾಕ್ಸೈಡ್ ಮಿತಿಯಲ್ಲಿ ಏಳು ಪಟ್ಟು ಅಂತರ. ಹಳೆಯ ಬೈಕು ಪಾಸಾದ ಯಂತ್ರದಲ್ಲಿ ಹೊಸ ಬೈಕು ಫೇಲಾಗುವುದಕ್ಕೆ ಕಾರಣ ಇದೇ.

ಹೊಗೆ ಪರೀಕ್ಷೆಯಲ್ಲಿ ಫೇಲಾಗುವ ಕಾರಣಗಳು

ಕಾರ್ಬೊರೇಟರ್ ಇರುವ ಫೋರ್-ಸ್ಟ್ರೋಕ್ ಬೈಕಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ತೋರಿದರೆ ಗಾಳಿಗಿಂತ ಪೆಟ್ರೋಲು ಜಾಸ್ತಿ ಹೋಗುತ್ತಿದೆ ಎಂದರ್ಥ. ಮೊದಲು ನೋಡಬೇಕಾದ್ದು ಏರ್ ಫಿಲ್ಟರ್. ಮಾಗಡಿ ರಸ್ತೆ, ಮೈಸೂರು ರಸ್ತೆ, ಕಾರ್ಡ್ ರಸ್ತೆಗಳ ಧೂಳಿನಲ್ಲಿ ದಿನವೂ ಓಡುವ ಸ್ಪ್ಲೆಂಡರ್ ಅಥವಾ ಪ್ಯಾಷನ್ ಬೈಕಿನ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಉಸಿರುಗಟ್ಟಿ ಓಡುತ್ತದೆ. ಪೂರ್ತಿ ಹಿಂದಕ್ಕೆ ಹೋಗದೆ ಅರ್ಧಕ್ಕೆ ಸಿಕ್ಕಿಕೊಂಡ ಚೋಕ್, ಸವೆದ ಫ್ಲೋಟ್ ಸೂಜಿ, ಮೈಲೇಜಿಗೆಂದೋ ಪಿಕಪ್ಪಿಗೆಂದೋ ಹತ್ತಾರು ಸಲ ತಿರುಗಿಸಿದ ಏರ್ ಸ್ಕ್ರೂ ಇವೂ ಇದೇ ಗುಂಪಿಗೆ ಸೇರುತ್ತವೆ.

ಊರಿನ ಎತ್ತರಕ್ಕೂ ಇದರಲ್ಲಿ ಪಾತ್ರವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದು, ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತೆಳು. ಗಾಳಿಯ ಸಾಂದ್ರತೆಯನ್ನು ಅರಿಯುವ ಸಾಧನ ಕಾರ್ಬೊರೇಟರಿಗಿಲ್ಲ. ಹಾಗಾಗಿ ಮಂಗಳೂರಿನಲ್ಲೋ ಚೆನ್ನೈಯಲ್ಲೋ ಟ್ಯೂನ್ ಮಾಡಿಸಿದ ಬೈಕನ್ನು ಇಲ್ಲಿಗೆ ತಂದರೆ ಅದರ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತುಸು ಏರುತ್ತದೆ. ಮಿತಿಯ ಅಂಚಿನಲ್ಲಿದ್ದ ಗಾಡಿ ಅಷ್ಟರಿಂದಲೇ ಗೆರೆ ದಾಟಬಹುದು.

ಹೈಡ್ರೋಕಾರ್ಬನ್ ಏರುವುದಕ್ಕೆ ಕಾರಣಗಳು ಬೇರೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಕರಿ ಕಟ್ಟಿದ್ದರೆ ಅಥವಾ ಅದರ ಗ್ಯಾಪ್ ಹೆಚ್ಚಾಗಿದ್ದರೆ ಆಗಾಗ ಕಿಡಿ ತಪ್ಪಿ, ಪೆಟ್ರೋಲು ಉರಿಯದೆ ಹಾಗೇ ಹೊರಬೀಳುತ್ತದೆ. ವಾಲ್ವ್ ಕ್ಲಿಯರೆನ್ಸ್ ಬಿಗಿಯಾಗಿ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಹೀಗಾಗುತ್ತದೆ. ಪಿಸ್ಟನ್ ರಿಂಗ್ ಸವೆದರೆ ಎಂಜಿನ್ ಆಯಿಲ್ ಮೇಲೇರಿ ನೀಲಿ ಹೊಗೆ ಬರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಂದು ಆಮೇಲೆ ನಿಲ್ಲುವ ನೀಲಿ ಹೊಗೆ ವಾಲ್ವ್ ಸೀಲ್ ಹೋಗಿರುವುದರ ಗುರುತು. ರಿಂಗು, ಬೋರುಗಳ ಕೆಲಸಕ್ಕೆ ಸಿಲಿಂಡರನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಬೋರು ಕೊರೆದು, 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ವಿಜಯನಗರದ ಮೆಕ್ಯಾನಿಕ್ಕುಗಳಿಗೆ ಕಾಮಾಕ್ಷಿಪಾಳ್ಯದ ಸಣ್ಣ ಕೈಗಾರಿಕೆಗಳ ಪ್ರದೇಶ ಇಂಥ ಕೆಲಸಕ್ಕೆ ಹತ್ತಿರದ ತಾಣ.

ಟೂ-ಸ್ಟ್ರೋಕ್ ಗಾಡಿಗಳದ್ದು ಪ್ರತ್ಯೇಕ ಅಧ್ಯಾಯ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಪಕ್ಕದ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ಟಿವಿಎಸ್ 50, ಅದರ ಮುಂದಿನ ತಲೆಮಾರಿನ ಎಕ್ಸ್‌ಎಲ್ ಮೊಪೆಡ್ಡುಗಳು, ಬಜಾಜ್ ಚೇತಕ್ ಇವೆಲ್ಲ ಈ ಬಳಗದವು. ಇಂಥ ಎಂಜಿನ್ನಿನಲ್ಲಿ ಹೊಸ ಮಿಶ್ರಣವೇ ಸುಟ್ಟ ಹೊಗೆಯನ್ನು ಹೊರತಳ್ಳಬೇಕು. ತಳ್ಳುವಾಗ ಅದರಲ್ಲೊಂದು ಪಾಲು ಉರಿಯುವ ಮೊದಲೇ ಸೈಲೆನ್ಸರ್ ಸೇರುತ್ತದೆ. ನಿಯಮದಲ್ಲಿ ಇವಕ್ಕೆ ಸಡಿಲ ಮಿತಿ ಕೊಟ್ಟಿರುವುದು ಇದರಿಂದಲೇ. ಆದರೂ ಇವು ಫೇಲಾಗುತ್ತವೆ. ಅಳತೆ ಮೀರಿ ಟೂ-ಟಿ ಆಯಿಲ್ ಬೆರೆಸುವುದು, ಸೈಲೆನ್ಸರಿನೊಳಗೆ ಕರಿ ಕಟ್ಟುವುದು, ಕ್ರ್ಯಾಂಕಿನ ಆಯಿಲ್ ಸೀಲ್ ಹರಿದು ಗೇರ್ ಆಯಿಲ್ ಉರಿಯತೊಡಗುವುದು ಪ್ರಮುಖ ಕಾರಣಗಳು. ಸೈಲೆನ್ಸರ್ ಬಿಚ್ಚಿ ಕರಿ ತೆಗೆಸಿದರೆ ಅಥವಾ ಸೀಲ್ ಬದಲಿಸಿದರೆ ಗಾಡಿ ಮತ್ತೆ ಮಿತಿಯೊಳಕ್ಕೆ ಬರುವ ಸಾಧ್ಯತೆ ಹೆಚ್ಚು. ಮೊಪೆಡ್ಡಿನಲ್ಲಿ ಟೂ-ಸ್ಟ್ರೋಕ್‌ನ ಕಾಲ ಮುಗಿಸಿದ್ದು 2015ರಲ್ಲಿ ಬಂದ ಫೋರ್-ಸ್ಟ್ರೋಕ್ ಎಕ್ಸ್‌ಎಲ್ 100.

2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಯಾದವು. ಈ ಬೈಕುಗಳು ಫೇಲಾದರೆ ಸಂಶಯ ಮೊದಲು ಹೋಗಬೇಕಾದದ್ದು ಸೈಲೆನ್ಸರಿನ ಕಡೆಗೆ. ಕಂಪನಿಯ ಸೈಲೆನ್ಸರಿನೊಳಗಿರುವ ಕೆಟಲಿಟಿಕ್ ಕನ್ವರ್ಟರ್ ಕಾರ್ಬನ್ ಮೊನಾಕ್ಸೈಡನ್ನು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುತ್ತದೆ. ಸದ್ದಿಗಾಗಿ ಬೇರೆ ಸೈಲೆನ್ಸರ್ ಹಾಕಿಸಿದಾಗ ಕನ್ವರ್ಟರೂ ಅದರೊಂದಿಗೆ ಹೋಗುತ್ತದೆ. ಆಮೇಲೆ ಶೇ 0.5ರ ಮಿತಿಯೊಳಗೆ ಉಳಿಯುವುದು ಕಷ್ಟ. ಭಾರತ್ ಸ್ಟೇಜ್ 6 ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೀಟರಿನಲ್ಲಿ ಎಂಜಿನ್ ದೀಪ ಹೊತ್ತುತ್ತದೆ. ಅದನ್ನು ಕಡೆಗಣಿಸಿ ಪರೀಕ್ಷೆಗೆ ಹೋಗುವುದು ವ್ಯರ್ಥ.

ದೋಷವೇ ಇಲ್ಲದ ಬೈಕು ಫೇಲಾಗುವುದೂ ಉಂಟು. ಮನೆಯಿಂದ ಹೊರಟು ಎರಡು ತಿರುವಿನಾಚೆಯ ಕೇಂದ್ರಕ್ಕೆ ಹೋದ ಗಾಡಿಯ ಎಂಜಿನ್ನೂ ಕಾದಿರುವುದಿಲ್ಲ, ಕನ್ವರ್ಟರೂ ಕೆಲಸ ಶುರುಮಾಡಿರುವುದಿಲ್ಲ. ಹತ್ತು ನಿಮಿಷ ಓಡಿಸಿ ಮತ್ತೆ ನಿಲ್ಲಿಸಿದರೆ ಓದು ಬದಲಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ತೂತುಬಿದ್ದ ಸೈಲೆನ್ಸರಿನ ಸಂಗತಿ: ತೂತಿನಿಂದ ಗಾಳಿ ಒಳನುಗ್ಗಿ ಹೊಗೆ ತೆಳುವಾಗಿ, ಕೆಟ್ಟ ಎಂಜಿನ್ನೂ ಒಳ್ಳೆಯದಾಗಿ ಕಾಣುತ್ತದೆ. ಇಂಥ ಓದಿಗೆ ಬೆಲೆಯಿಲ್ಲ.

ಬ್ರೇಕ್, ಟಯರ್, ಸ್ಟೀರಿಂಗ್

ನವೀಕರಣದ ತಪಾಸಣೆಯಲ್ಲಿ ಗಾಡಿ ನಿಲ್ಲುವುದೇ ಎಂಬುದು ಗಾಡಿ ಓಡುವುದೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಸಣ್ಣ ಬೈಕುಗಳಲ್ಲಿ ಡ್ರಮ್ ಬ್ರೇಕ್ ಸಾಮಾನ್ಯ. ಶೂ ಸವೆದಂತೆಲ್ಲ ರಾಡಿನ ನಟ್ಟನ್ನು ಬಿಗಿಮಾಡುತ್ತ ಹೋಗುವುದು ವಾಡಿಕೆ. ಒಂದು ಹಂತದ ನಂತರ ನಟ್ಟು ಮುಗಿಯುತ್ತದೆ, ಶೂ ಅದಕ್ಕೂ ಮೊದಲೇ ಮುಗಿದಿರುತ್ತದೆ. ಹಲವು ಬೈಕುಗಳ ಬ್ರೇಕ್ ಪ್ಲೇಟಿನ ಮೇಲೆ ಸವೆತ ತೋರಿಸುವ ಬಾಣದ ಗುರುತಿದೆ. ಬ್ರೇಕ್ ಒತ್ತಿದಾಗ ಬಾಣ ಗೆರೆಗೆ ಬಂದರೆ ಶೂ ಬದಲಿಸಬೇಕು.

ಮುಂದಿನ ಬ್ರೇಕಿನ ಕತೆ ಇನ್ನೂ ಕೆಟ್ಟದ್ದು. ಜಾರಿಬೀಳುವ ಭಯದಿಂದ ಹಿಂದಿನ ಬ್ರೇಕನ್ನಷ್ಟೇ ಒತ್ತುವ ಸವಾರರ ಗಾಡಿಯಲ್ಲಿ ಮುಂದಿನ ಕೇಬಲ್ ತುಕ್ಕು ಹಿಡಿದು ಬಿಗಿದಿರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಎಲ್ಲ ಹೊಸ ಗಾಡಿಗಳಿಗೆ ಎರಡೂ ಚಕ್ರವನ್ನು ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯವಾಗಿದೆ. 125 ಸಿಸಿ ಮೀರಿದವಕ್ಕೆ ಎಬಿಎಸ್ಸೇ ಇರಬೇಕು. ರಿಪೇರಿಯ ವೇಳೆ ಕಾಂಬಿ ಬ್ರೇಕಿನ ಜೋಡಣೆ ಕಳಚಿ ಬಿಟ್ಟರೆ ಅದೂ ದೋಷವೇ.

ನಿಯಮ 94ರಂತೆ ದ್ವಿಚಕ್ರ ವಾಹನದ ಟಯರಿನ ಗೆರೆಗಳ ಆಳ ಕನಿಷ್ಠ 0.8 ಮಿಲಿಮೀಟರ್ ಇರಬೇಕು. ಕಾರು, ಬಸ್ಸುಗಳಿಗೆ ಇದು 1.6. ಹಿಂದಿನ ಟಯರ್ ನಡುಭಾಗದಲ್ಲಿ ನುಣ್ಣಗಾಗಿ ಅಂಚಿನಲ್ಲಿ ಚೆನ್ನಾಗಿ ಕಾಣುವುದರಿಂದ ಮಾಲೀಕರು ಮೋಸಹೋಗುತ್ತಾರೆ. ವರ್ಷಗಟ್ಟಲೆ ಮನೆ ಮುಂದೆ ನಿಂತ ಬೈಕಿನಲ್ಲಿ ಗೆರೆಗಳು ಆಳವಾಗಿಯೇ ಇದ್ದು, ಪಕ್ಕಗಳಲ್ಲಿ ರಬ್ಬರು ಬಿರುಕು ಬಿಟ್ಟಿರುತ್ತದೆ.

ಹಂಪು, ಹೊಂಡಗಳ ಹೊಡೆತ ಕಾಣುವುದು ಸ್ಟೀರಿಂಗಿನ ಕೋನ್ ಸೆಟ್ಟಿನಲ್ಲಿ. ಬಾಲ್ ಕೂರುವ ಜಾಗ ಗುಳಿಬಿದ್ದಾಗ ಹ್ಯಾಂಡಲ್ ನೇರಕ್ಕೆ ಬಂದು ಸಿಕ್ಕಿಕೊಂಡಂತಾಗುತ್ತದೆ. ಮುಂದಿನ ಚಕ್ರವನ್ನು ಎತ್ತಿ ಹ್ಯಾಂಡಲ್ ತಿರುಗಿಸಿದರೆ ಇದು ಕೈಗೆ ತಿಳಿಯುತ್ತದೆ. ಫೋರ್ಕಿನ ಆಯಿಲ್ ಸೀಲ್ ಸೋರಿಕೆ, ಹಿಂದಿನ ಚಕ್ರ ಅಕ್ಕಪಕ್ಕ ಆಡುವಂತೆ ಸವೆದ ಬುಷ್, ಜೋತುಬಿದ್ದ ಚೈನು ಇವೂ ನಿರೀಕ್ಷಕರ ಕಣ್ಣಿಗೆ ಬೀಳುವಂಥವೇ.

ದೀಪ, ಹಾರ್ನ್ ಮತ್ತು ಸಣ್ಣ ಜೋಡಣೆಗಳು

ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹೊತ್ತದಿರುವುದು ತೀರಾ ಸಾಮಾನ್ಯ ದೋಷ. ಸವಾರನಿಗೆ ತನ್ನ ಗಾಡಿಯ ಈ ದೀಪ ಕಾಣುವುದೇ ಇಲ್ಲ. ಪೆಡಲ್ ಪಕ್ಕದ ಸ್ವಿಚ್ಚು ಕೆಸರು ಹೊಕ್ಕು ಕೆಟ್ಟಿರುತ್ತದೆ, ಇಲ್ಲವೇ ಬಲ್ಬು ಸುಟ್ಟಿರುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಬಲ್ಬು ಹೋದಾಗ ಮಿನುಗುವ ವೇಗವೂ ಕೆಡುತ್ತದೆ.

ಹಳೆಯ ಸಣ್ಣ ಬೈಕು, ಸ್ಕೂಟರುಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಬರುವುದು ಬ್ಯಾಟರಿಯಿಂದಲ್ಲ, ನೇರವಾಗಿ ಎಂಜಿನ್ನಿನ ಕಾಯಿಲ್‌ನಿಂದ. ಆದ್ದರಿಂದ ಐಡಲಿಂಗ್‌ನಲ್ಲಿ ದೀಪ ಮಂಕಾಗುತ್ತದೆ. ಇದಕ್ಕೆ ಪರಿಹಾರವೆಂದು ಹಾಕಿಸುವ ಕಣ್ಣುಕೋರೈಸುವ ಬಿಳಿ ಎಲ್‌ಇಡಿ ಬಲ್ಬುಗಳು ಹಳೆಯ ರಿಫ್ಲೆಕ್ಟರಿಗೆ ಹೊಂದದೆ ಬೆಳಕನ್ನು ಎಲ್ಲೆಂದರಲ್ಲಿ ಚೆಲ್ಲುತ್ತವೆ.

ಬಿಚ್ಚಿಟ್ಟ ಕನ್ನಡಿ, ಓಡದ ಸ್ಪೀಡೋಮೀಟರ್ ಕೇಬಲ್, ಬದಲಾಯಿಸಿದ ಹಾರ್ನ್ ಇವುಗಳ ಜೊತೆಗೆ ಎಣಿಸಬೇಕಾದದ್ದು ಸೀರೆ ಗಾರ್ಡ್. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕೆಂದು ನಿಯಮ 123 ಹೇಳುತ್ತದೆ. ಅಂದಕ್ಕಾಗಿ ಇದನ್ನು ಕಿತ್ತು ಹಾಕುವುದು ಯುವಕರಲ್ಲಿ ಫ್ಯಾಷನ್. ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಆಗುವ ಅನಾಹುತ ಪ್ರಾಣಾಂತಿಕ. ಈ ಒಂದು ಜೋಡಣೆಯನ್ನು ಹಗುರವಾಗಿ ಕಾಣಲು ಯಾವ ಕಾರಣವೂ ಇಲ್ಲ.

ಮಾರ್ಪಾಡುಗಳು

ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಮಾಲೀಕರ ಪ್ರತಿ ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ ವಿಧಿಸಲು ಅವಕಾಶವಿದೆ. ತಯಾರಿಕೆಯ ಹಂತದಲ್ಲೇ 80 ಸಿಸಿವರೆಗಿನ ಬೈಕಿಗೆ 75 ಡೆಸಿಬೆಲ್, 80ರಿಂದ 175 ಸಿಸಿಗೆ 77 ಡೆಸಿಬೆಲ್ ಶಬ್ದಮಿತಿಯಿದೆ. ಸದ್ದು ಮಾಡುವ ಸೈಲೆನ್ಸರುಗಳನ್ನು ಪೊಲೀಸರು ಕಿತ್ತು ರೋಡ್ ರೋಲರ್ ಹರಿಸಿ ನಾಶಮಾಡಿದ ಪ್ರಸಂಗಗಳು ಕರ್ನಾಟಕದ ಹಲವು ಊರುಗಳಲ್ಲಿ ನಡೆದಿವೆ. ಬಣ್ಣ ಬದಲಾಯಿಸಿ ಆರ್‌ಸಿಯಲ್ಲಿ ನಮೂದಿಸದಿರುವುದು, ಬೇರೆ ಗಾಡಿಯ ಎಂಜಿನ್ ಕೂರಿಸುವುದು, ಹಿಂದಿನ ಮಡ್‌ಗಾರ್ಡ್ ಕತ್ತರಿಸುವುದೂ ಇದೇ ಸಾಲಿನವು.

ಗುರುತು ಮತ್ತು ದಾಖಲೆಗಳು

ಗಾಡಿ ಚೆನ್ನಾಗಿದ್ದೂ ವಾಪಸು ಬರುವುದು ಇಲ್ಲಿಯೇ. ತಪಾಸಣೆಯಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಬೈಕುಗಳಲ್ಲಿ ಇದು ಸಾಮಾನ್ಯವಾಗಿ ಹ್ಯಾಂಡಲಿನ ಕೆಳಗೆ ಫ್ರೇಮಿನ ಕತ್ತಿನ ಮೇಲಿರುತ್ತದೆ. ಮಳೆಗೆ ನಿಂತು ತುಕ್ಕು ತಿಂದ ಲೋಹದಲ್ಲಿ ಅಂಕಿಗಳು ಅಳಿಸಿರುತ್ತವೆ, ದಪ್ಪ ಪೇಂಟು ಹೊಡೆಸಿದಾಗ ಮುಚ್ಚಿರುತ್ತವೆ. ಅಚ್ಚು ಬಾರದಿದ್ದರೆ ಗಾಡಿಯ ಗುರುತೇ ಸಾಬೀತಾಗುವುದಿಲ್ಲ.

ನಂಬರ್ ಪ್ಲೇಟ್ ಇನ್ನೊಂದು ತೊಡಕು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಕಡ್ಡಾಯವೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲ ಗಡುವು ಅದೇ ನವೆಂಬರ್ 17 ಆಗಿದ್ದು, ಆಮೇಲೆ ಹಲವು ಸಲ ವಿಸ್ತರಣೆಯಾಯಿತು.

ವಿಮೆಯದು ಮರೆವಿನ ಸಮಸ್ಯೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ 5 ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಆ ಅವಧಿ ಮುಗಿದದ್ದು ಗೊತ್ತೇ ಆಗದೆ ಓಡುವ ಗಾಡಿಗಳುಂಟು. ಹೊಗೆ ಪ್ರಮಾಣಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತ್ತು, 2024ರ ಜುಲೈನಲ್ಲಿ ಆ ಷರತ್ತನ್ನು ಸಡಿಲಿಸಿತು.

ಎಲ್ಲಕ್ಕಿಂತ ಗೋಜಲಿನದು ಮಾಲೀಕತ್ವ. ಸೆಕೆಂಡ್ ಹ್ಯಾಂಡ್ ಬೈಕನ್ನು 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾತ್ರ ಹಾಕಿಸಿಕೊಂಡು, ಹೆಸರು ಬದಲಾಯಿಸದೆ ಕೈಯಿಂದ ಕೈಗೆ ಮಾರುವ ರೂಢಿಯಿದೆ. ಹದಿನೈದನೇ ವರ್ಷಕ್ಕೆ ಮೊದಲ ಮಾಲೀಕರು ಎಲ್ಲಿದ್ದಾರೆಂಬುದೇ ತಿಳಿದಿರುವುದಿಲ್ಲ. ತೀರಿಕೊಂಡ ತಂದೆಯ ಹೆಸರಿನಲ್ಲೇ ಮಗನೋ ಮಗಳೋ ಬೈಕು ಓಡಿಸುತ್ತಿರುವುದೂ ಉಂಟು. ನಿಯಮ 56ರಂತೆ ಸಾವಿನ ಸುದ್ದಿಯನ್ನು 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಉಳಿದ ಫೈನಾನ್ಸ್ ಕಂಪನಿಯ ಹೆಸರನ್ನು 35ನೇ ನಮೂನೆಯ ಮೂಲಕ ತೆಗೆಸಬೇಕು. ಹೊರರಾಜ್ಯದ ಬೈಕು ಇಲ್ಲಿ 12 ತಿಂಗಳು ಮೀರಿ ಉಳಿದರೆ ಮರುನೋಂದಣಿ ಬೇಕು.

ಶುಲ್ಕ ಮತ್ತು ಈಗಿನ ಸ್ಥಿತಿ

2022ರ ಏಪ್ರಿಲ್ 1ರಿಂದ ಮೋಟಾರ್ ಸೈಕಲ್ ನೋಂದಣಿ ನವೀಕರಣದ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. ತಡಮಾಡಿದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಮೋಟಾರ್ ಸೈಕಲ್‌ಗಳ ಶುಲ್ಕವನ್ನು 2,000 ರೂಪಾಯಿ ಮಾಡಲಾಯಿತು. ಕರ್ನಾಟಕದಲ್ಲಿ ಹಳೆಯ ವಾಹನಗಳ ಮೇಲೆ ಹಸಿರು ತೆರಿಗೆಯೂ ಇದೆ. ದೆಹಲಿಯಲ್ಲಿರುವಂತೆ ವಯಸ್ಸನ್ನೇ ಕಾರಣವಾಗಿಟ್ಟು ಖಾಸಗಿ ಬೈಕನ್ನು ರಸ್ತೆಯಿಂದ ತೆಗೆಯುವ ನಿಯಮ ಇಲ್ಲಿಲ್ಲ. ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ಬಳಸಲಾಗದವಕ್ಕೆ 2021ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಗಳ ವ್ಯವಸ್ಥೆಯಿದೆ.

ಯಂತ್ರಗಳೇ ಅಳೆದು ಫಲಿತಾಂಶ ಕೊಡುವ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮಗಳು 2021ರ ಸೆಪ್ಟೆಂಬರ್‌ನಲ್ಲಿ ಬಂದವು. ಕರ್ನಾಟಕದಲ್ಲಿ ಇಂಥ ಕೇಂದ್ರ ನೆಲಮಂಗಲದಲ್ಲಿದೆ. ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಹೊಗೆ ಪರೀಕ್ಷೆ ಅನ್ವಯಿಸುವುದಿಲ್ಲ, 2021ರ ಆಗಸ್ಟ್‌ನ ಅಧಿಸೂಚನೆಯಂತೆ ಅವುಗಳ ನೋಂದಣಿ ನವೀಕರಣಕ್ಕೆ ಶುಲ್ಕವೂ ಇಲ್ಲ. ವರ್ಷಕ್ಕೊಮ್ಮೆ ನಡೆಯುವ ಏಕೈಕ ಪರೀಕ್ಷೆಯೂ ಇವಕ್ಕಿಲ್ಲದ ಕಾರಣ, ಇವುಗಳ ಬ್ರೇಕು, ಟಯರು, ಕೋನ್ ಸೆಟ್ಟುಗಳು ಕಾನೂನಿನ ತಪಾಸಣೆಗೆ ಮೊದಲು ಸಿಗುವುದು ಹದಿನೈದು ವರ್ಷ ತುಂಬಿದಾಗಲೇ.